ಕಂಪೈಲರ್ ಆವೃತ್ತಿಯೂ ಪ್ರಾಜೆಕ್ಟಿನ ಹೊಣೆಯೇ

ನಮಸ್ಕಾರ. ಹಲವರು ಸೇರಿ ಬರೆಯುತ್ತಿರುವ ಒಂದು ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟಿಗೆ ಹೊಸಬರೊಬ್ಬರು ಸೇರುತ್ತಾರೆ. ಕೋಡ್ ಇಳಿಸಿಕೊಂಡು, ಅದನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತಿರುಗಿಸುವ ಕಂಪೈಲರಿನಿಂದ ಬಿಲ್ಡ್ ಮಾಡಿದ ಕೂಡಲೇ ದೋಷಗಳ ಸಾಲು ಪರದೆ ತುಂಬುತ್ತದೆ. ಕೇಳಿದರೆ, ‘ನಮ್ಮಲ್ಲಿ ಸರಿಯಾಗಿಯೇ ಆಗುತ್ತಿದೆ, ನೀವು ಹಳೆಯ ಕಂಪೈಲರ್ ಹಾಕಿಕೊಳ್ಳಿ’ ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ.

ಏಕೆಂದರೆ ಇಂತಹ ದೋಷಗಳಲ್ಲಿ ಬಹಳಷ್ಟನ್ನು ಹೊಸ ಕಂಪೈಲರ್ ಹುಟ್ಟಿಸಿರುವುದಿಲ್ಲ, ಮೊದಲೇ ಇದ್ದದ್ದನ್ನು ತೋರಿಸಿಕೊಟ್ಟಿರುತ್ತದೆ. ಜಿಸಿಸಿ ಎಂಬ ಕಂಪೈಲರಿನ, 2020ರಲ್ಲಿ ಬಂದ 10ನೇ ಆವೃತ್ತಿಯನ್ನೇ ನೋಡಿ. ಸಿ ಭಾಷೆಯಲ್ಲಿ, ಹಲವು ಕಡತಗಳು ಸೇರಿಸಿಕೊಳ್ಳುವ ಹೆಡರ್ ಕಡತವೊಂದರಲ್ಲಿ ‘ಎಕ್ಸ್‌ಟರ್ನ್’ (ವ್ಯಾಖ್ಯೆ ಬೇರೆಡೆ ಇದೆ) ಎಂದು ಬರೆಯದೆ ಜಾಗತಿಕ ಚರವನ್ನು ಇಟ್ಟರೆ, ಆ ಹೆಡರನ್ನು ಸೇರಿಸಿಕೊಂಡ ಪ್ರತಿಯೊಂದು ಕಡತದಲ್ಲೂ ಅದರ ವ್ಯಾಖ್ಯೆ ಹುಟ್ಟುತ್ತದೆ. ಬಿಲ್ಡ್ ಆದ ಕಡತಗಳನ್ನು ಜೋಡಿಸುವ ಲಿಂಕರ್ ಹಿಂದೆ ಇವೆಲ್ಲವನ್ನೂ ಸದ್ದಿಲ್ಲದೆ ಒಂದುಗೂಡಿಸುತ್ತಿತ್ತು, ಈಗ ಅದು ‘ಒಂದಕ್ಕಿಂತ ಹೆಚ್ಚು ವ್ಯಾಖ್ಯೆಗಳಿವೆ’ ಎಂದು ನಿಂತುಬಿಡುತ್ತದೆ. ‘ಎಫ್‌ಕಾಮನ್’ ಎಂಬ ಆಯ್ಕೆ ಕೊಟ್ಟರೆ ಹಳೆಯ ನಡವಳಿಕೆ ಮರಳುತ್ತದೆ, ಬಿಲ್ಡ್ ಮುಗಿಯುತ್ತದೆ, ತಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. 2024ರ ಜಿಸಿಸಿ 14 ಇನ್ನೂ ಗಂಭೀರವಾದ ಒಂದು ಸಂಗತಿಯನ್ನು ಹಿಡಿಯಿತು: ಘೋಷಿಸದ ಫಂಕ್ಷನ್ನನ್ನು ಕರೆಯುವುದು ಅಲ್ಲಿಯವರೆಗೆ ಬರಿಯ ಎಚ್ಚರಿಕೆಯಾಗಿತ್ತು, ಈಗ ದೋಷ. ಅಂತಹ ಫಂಕ್ಷನ್ ‘ಇಂಟ್’ (ಪೂರ್ಣಾಂಕ) ಮರಳಿಸುತ್ತದೆಂದು ಕಂಪೈಲರ್ ಊಹಿಸುತ್ತಿದ್ದುದರಿಂದ, ಅದು ನಿಜವಾಗಿ ಪಾಯಿಂಟರ್ (ಮೆಮೊರಿ ವಿಳಾಸ) ಮರಳಿಸುವುದಾಗಿದ್ದರೆ, 64 ಬಿಟ್ ಯಂತ್ರಗಳಲ್ಲಿ ವಿಳಾಸದ ಅರ್ಧಭಾಗವೇ ಕತ್ತರಿಸಿಹೋಗಬಹುದಿತ್ತು. ಹಳೆಯ ಕಂಪೈಲರಿಗೆ ಹಿಂದಿರುಗುವವರು ಈ ಅಪಾಯವನ್ನೂ ಜೊತೆಗೇ ಒಯ್ಯುತ್ತಾರೆ.

ಆದರೆ ಕೋಡ್ ತಿದ್ದಿದರೂ ಪ್ರಯೋಜನವಾಗದ ಒಂದು ಬಗೆಯಿದೆ. 2015ರ ಜಿಸಿಸಿ 5ರಲ್ಲಿ, ಸಿ ಪ್ಲಸ್ ಪ್ಲಸ್ 11 ಮಾನಕಕ್ಕೆ ಹೊಂದುವಂತೆ ಪಠ್ಯವನ್ನು ಹಿಡಿದಿಡುವ ‘ಸ್ಟ್ರಿಂಗ್’ ಮತ್ತು ಪಟ್ಟಿಯನ್ನು ಹಿಡಿದಿಡುವ ‘ಲಿಸ್ಟ್’ಗಳ ಒಳರಚನೆಯೇ ಬದಲಾಯಿತು. ಹಳೆಯ ರಚನೆಗೆ ಬಿಲ್ಡ್ ಆದ ಲೈಬ್ರರಿಯನ್ನು ಹೊಸ ಕೋಡಿಗೆ ಜೋಡಿಸಲು ಹೋದರೆ ಲಿಂಕರ್‌ಗೆ ಹೆಸರುಗಳೇ ಸಿಗುವುದಿಲ್ಲ. ಇಲ್ಲಿ ಎರಡೂ ಕಡೆಯ ಎಬಿಐ (ಬಿಲ್ಡ್ ಆದ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ರೀತಿ) ಒಂದೇ ಆಗುವಂತೆ ಮತ್ತೆ ಬಿಲ್ಡ್ ಮಾಡಲೇಬೇಕು. ದೋಷದ ಸಂದೇಶದಲ್ಲಿ ‘ಸಿಎಕ್ಸ್‌ಎಕ್ಸ್11’ ಎಂಬ ತುಣುಕು ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಎಷ್ಟೋ ಗಂಟೆಗಳ ಹುಡುಕಾಟ ಉಳಿಯುತ್ತದೆ.

ಈ ಎರಡು ಬಗೆಗಳನ್ನು ಬೇರ್ಪಡಿಸಿ ನೋಡುವ ಕೆಲಸ ಹೊಸಬರದ್ದಲ್ಲ, ಪ್ರಾಜೆಕ್ಟನ್ನು ನಡೆಸುವವರದ್ದು. ಗೋ ಭಾಷೆಯಲ್ಲಿ 1.21ನೇ ಆವೃತ್ತಿಯಿಂದ ಮಾಡ್ಯೂಲ್ ಕಡತದ ಒಂದು ಸಾಲೇ ಕನಿಷ್ಠ ಆವೃತ್ತಿಯನ್ನು ಕಡ್ಡಾಯಗೊಳಿಸುತ್ತದೆ. ರಸ್ಟ್‌ನಲ್ಲೂ ಟೂಲ್‌ಚೈನನ್ನು (ಕಂಪೈಲರ್ ಮತ್ತು ಅದರ ಜೊತೆಯ ಸಾಧನಗಳ ಆವೃತ್ತಿಯನ್ನು) ಕೋಡ್ ಇರುವ ರೆಪೊಸಿಟರಿಯೊಳಗೇ ಬರೆದಿಡಬಹುದು. ಸಿ ಪ್ಲಸ್ ಪ್ಲಸ್‌ಗೆ ಭಾಷೆಯೇ ಕೊಟ್ಟ ಇಂತಹ ಸೌಲಭ್ಯವಿಲ್ಲವಾದ್ದರಿಂದ, ನಾವೇ ಬಿಲ್ಡ್ ಹೇಗಾಗಬೇಕೆಂದು ಹೇಳುವ ಸಿಮೇಕ್ ಎಂಬ ಸಾಧನದ ಕಡತದಲ್ಲಿ ಕಂಪೈಲರ್ ಆವೃತ್ತಿಯನ್ನು ಪರೀಕ್ಷಿಸಿ, ಅದು ಹಳೆಯದಾಗಿದ್ದರೆ ಸ್ಪಷ್ಟ ಸಂದೇಶದೊಂದಿಗೆ ಆರಂಭದಲ್ಲೇ ನಿಲ್ಲಿಸಬೇಕು. ಅಲ್ಲಿ ಭಾಷಾ ಮಾನಕವನ್ನು ಹೇಳಿದರಷ್ಟೇ ಸಾಲದು, ಅದು ಕಡ್ಡಾಯವೆಂದೂ ಹೇಳಬೇಕು; ಇಲ್ಲವಾದರೆ ಸಿಮೇಕ್ ಸುಮ್ಮನೆ ಹಿಂದಿನ ಮಾನಕಕ್ಕೆ ಇಳಿದುಬಿಡುತ್ತದೆ.

ಇನ್ನು ಸಿಐಯಲ್ಲಿ (ಕೋಡ್ ಬದಲಾದಾಗಲೆಲ್ಲ ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ನೀವು ಬೆಂಬಲಿಸುವ ಅತ್ಯಂತ ಹಳೆಯ ಕಂಪೈಲರ್ ಮತ್ತು ಇತ್ತೀಚಿನದು, ಎರಡೂ ಓಡಲಿ. ಎಚ್ಚರಿಕೆಗಳನ್ನೆಲ್ಲ ದೋಷವಾಗಿಸುವ ಆಯ್ಕೆ ಅಲ್ಲಿಗಷ್ಟೇ ಸೀಮಿತವಾಗಿರಲಿ. ಪ್ರತಿ ಹೊಸ ಕಂಪೈಲರ್ ಹೊಸ ಎಚ್ಚರಿಕೆಗಳನ್ನು ತರುತ್ತದೆ. ಆ ಆಯ್ಕೆ ಎಲ್ಲರಿಗೂ ಜಾರಿಯಲ್ಲಿದ್ದರೆ, ನಿನ್ನೆಯವರೆಗೆ ಸರಿಯಿದ್ದ ಬಿಲ್ಡ್, ಕೋಡಿನ ಒಂದಕ್ಷರವೂ ಬದಲಾಗದೆ, ಇಂದು ಬಂದ ಹೊಸಬರ ಯಂತ್ರದಲ್ಲಿ ಮುರಿದುಬೀಳುತ್ತದೆ.