ಯುನ್ ಹ್ಯೊಂಗ್-ಗುನ್ ಅವರ ಕಪ್ಪು

ಗೆಳೆಯರೆ,

ಈ ಸಂಜೆ ನಾನು ಮಾತಾಡಬೇಕೆಂದಿರುವುದು ಒಂದು ಕಪ್ಪಿನ ಬಗ್ಗೆ. ದಕ್ಷಿಣ ಕೊರಿಯಾದ ಚಿತ್ರಕಾರ ಯುನ್ ಹ್ಯೊಂಗ್-ಗುನ್ ಮೂರು ದಶಕಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಅದೊಂದನ್ನೇ ಬಳಿದರು. ಟ್ಯೂಬಿನಿಂದ ಹಿಂಡಿದ ಸಿದ್ಧ ಕಪ್ಪಲ್ಲ ಅದು. ಅಲ್ಟ್ರಾಮರೀನ್ ನೀಲಿಗೆ ಅಂಬರ್ ಎಂಬ ಕಂದು ಬೆರೆತಾಗ ಹುಟ್ಟುವ ಕಪ್ಪು. ನೀಲಿ ಅವರಿಗೆ ಆಕಾಶ, ಕಂದು ನೆಲ. (ಅಂಬರ್ ಎಂದೊಡನೆ ನಮ್ಮ ಕಿವಿಗೆ ಆಕಾಶವೇ ಕೇಳಿಸುತ್ತದೆ, ಇಲ್ಲಿ ಅದು ಮಣ್ಣು.) ಆ ಬಣ್ಣವನ್ನು ಟರ್ಪೆಂಟೈನು, ಅಗಸೆ ಎಣ್ಣೆಯಲ್ಲಿ ತೆಳುಮಾಡಿ, ಅಗಲದ ಕುಂಚದಿಂದ ಒರಟು ಹತ್ತಿ ಬಟ್ಟೆಯ ಮೇಲೋ ಲಿನನ್ ಮೇಲೋ ಎಳೆಯುತ್ತಿದ್ದರು. ಬಟ್ಟೆ ಬಣ್ಣವನ್ನು ಕುಡಿಯುತ್ತದೆ. ಆರುವವರೆಗೆ ಕಾಯಬೇಕು, ಮತ್ತೆ ಅದೇ ಜಾಗದಲ್ಲಿ ಇನ್ನೊಂದು ಪದರ. ಕಪ್ಪು ಗಟ್ಟಿಯಾಗುತ್ತ ಹೋದಂತೆ ಅಂಚಿನಲ್ಲಿ ಎಣ್ಣೆ ಹರಡಿ ಕಂದು ನೆರಳೊಂದು ಉಳಿಯುತ್ತದೆ. ಎರಡು ಕಂಬ, ನಡುವೆ ಖಾಲಿ ಬಟ್ಟೆಯ ಸಂದು. ಆಕಾಶ ಭೂಮಿಗಳ ಬಾಗಿಲು ಎಂದು ಅವರೇ ಅದನ್ನು ಕರೆದರು.

ಇಂಥ ಚಿತ್ರಗಳ ಎದುರು ನಿಂತವರ ಬಾಯಿಗೆ ಮೊದಲು ಬರುವ ಮಾತು 'ಧ್ಯಾನ'. ದಾನ್ಸೆಕ್‌ಹ್ವಾ, ಅಂದರೆ ಏಕವರ್ಣ ಚಿತ್ರ, ಎಂಬ ಹೆಸರಿನಡಿ ಇವರ ಜೊತೆಗೇ ಸೇರಿಸುವ ಪಾರ್ಕ್ ಸೊ-ಬೊ ಅವರಿಗೆ ಆ ಮಾತು ಒಪ್ಪುತ್ತದೆ. ಚೌಕುಳಿ ಪುಸ್ತಕದಲ್ಲಿ ಅಕ್ಷರ ಕೂಡಿಸಲಾರದೆ ಬೇಸತ್ತು ಗೀಚಿಹಾಕಿದ ಪುಟ್ಟ ಮಗನನ್ನು ಕಂಡು, 1967ರಿಂದ ಅವರು ಹಸಿ ಬಣ್ಣದ ಮೇಲೆ ಪೆನ್ಸಿಲ್ ಗೆರೆ ಎಳೆಯತೊಡಗಿದರು. ಎಳೆದೂ ಎಳೆದೂ ತನ್ನನ್ನು ಖಾಲಿ ಮಾಡಿಕೊಳ್ಳುವ ಬಗೆ ಅದು.

ಯುನ್ ಅವರ ನಿಶ್ಚಲತೆ ಬೇರೆ. 1928ರಲ್ಲಿ ಹುಟ್ಟಿದವರು, ಕೊರಿಯಾ ಯುದ್ಧ ಶುರುವಾದ 1950ರಲ್ಲಿ ಗುಂಡಿಗೆ ಬಲಿಯಾಗುವುದರಿಂದ ಕೂದಲೆಳೆಯಲ್ಲಿ ಪಾರಾದರು. 1973ರಲ್ಲಿ, ತಾವು ಪಾಠ ಹೇಳುತ್ತಿದ್ದ ಹೆಣ್ಣುಮಕ್ಕಳ ಶಾಲೆಗೆ ಪ್ರಭಾವ ಬಳಸಿ ನಡೆದ ಪ್ರವೇಶವನ್ನು ಪ್ರಶ್ನಿಸಿದ್ದಕ್ಕೆ ಜೈಲು ಸೇರಿದರು. ಹೊರಬಂದ ಮೇಲೂ ಪೊಲೀಸರ ಕಣ್ಗಾವಲು, ಕೆಲಸವಿಲ್ಲ. ಅಲ್ಲಿಯವರೆಗೆ ಚಿತ್ರಗಳಲ್ಲಿ ಬೇರೆ ಬಣ್ಣಗಳಿದ್ದವು. ಮಾವ, ಅಂದರೆ ಹೆಂಡತಿಯ ತಂದೆ, ಚಿತ್ರಕಾರ ಕಿಮ್ ಹ್ವಾನ್‌ಗಿ ಅವರ ನೀಲಿಯ ಗುಂಗಿತ್ತು. ಕಪ್ಪು ಬಂದದ್ದು ಆ ಜೈಲಿನ ಆಚೆಗೆ. ಮಾರನೆಯ ವರ್ಷ ಮಾವ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಏಕಾಂತ ಬೇರೆ, ಒಂಟಿತನ ಬೇರೆ ಎನ್ನುವುದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದನ್ನು ನಾವು ಅರಸಿಕೊಂಡು ಹೋಗುತ್ತೇವೆ, ಇನ್ನೊಂದು ನಮ್ಮ ಮೇಲೆ ಬಂದು ಬೀಳುತ್ತದೆ. ಯುನ್ ಮೇಲೆ ಬಿದ್ದದ್ದು ಒಂಟಿತನ. ಅದೇ ಕಪ್ಪು, ಅದೇ ಕುಂಚ ಹಿಡಿದು ಅವರು ಅದನ್ನು ಏಕಾಂತವಾಗಿ ಮಾಡಿಕೊಂಡರು ಎಂದು ನನಗೆ ಅನಿಸುತ್ತದೆ. ಆದರೆ ಸಿಟ್ಟು ಆರಿರಲಿಲ್ಲ. 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ಸೈನ್ಯ ತನ್ನದೇ ಜನರನ್ನು ಕೊಂದಾಗ, ನೆಟ್ಟಗೆ ನಿಂತಿದ್ದ ಆ ಕಂಬಗಳು ವಾಲಿದವು.

ಪರದೆಯ ಮೇಲಿರುವುದು ಆ ವರ್ಷದ ಚಿತ್ರ. ಇದರಲ್ಲಿ ಮನುಷ್ಯರಿಲ್ಲ, ಕೆಂಪು ಇಲ್ಲ. ಕಂಬಗಳು ಒಂದಕ್ಕೊಂದು ಒರಗಿ ನಿಂತಿರುವುದನ್ನು ನೋಡಿ. ಕೆಳಗಡೆ, ಬಣ್ಣ ಸೋರಿರುವ ಗುರುತನ್ನೂ ನೋಡಿ.