ಮರೆಯದ ಆಟಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಜಾತ್ರೆ. ಅಲ್ಲೊಂದು ಮೇಜು. ಮೇಜಿನ ಮೇಲೆ ಯಾರದೋ ಊಟದ ಬುತ್ತಿ. ನಾನು ಬಟನ್ ಒತ್ತಿದೆ. ಬುತ್ತಿ ಖಾಲಿಯಾಯಿತು, ನನ್ನ ನಾಯಕನ ಶಕ್ತಿ ತುಂಬಿಕೊಂಡಿತು. ವಿಡಿಯೋ ಗೇಮಿನಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿಕೊಳ್ಳುವುದು ಮಾಮೂಲು ಅಲ್ವಾ? ನಾನು ಎರಡನೇ ಯೋಚನೆಯನ್ನೇ ಮಾಡಲಿಲ್ಲ.

ಆಟ ಮುಂದೆ ಹೋಯಿತು. ಕಥೆ ಎಲ್ಲೆಲ್ಲೋ ಸುತ್ತಿ ನನ್ನ ನಾಯಕನನ್ನು ಕಟಕಟೆಗೆ ತಂದು ನಿಲ್ಲಿಸಿತು. ರಾಜಕುಮಾರಿಯನ್ನು ಅಪಹರಿಸಿದ ಆರೋಪ. ವಿಚಾರಣೆ ಶುರುವಾಯಿತು. ನೋಡಿದರೆ ಆ ಬುತ್ತಿಯ ಯಜಮಾನನೇ ಅಲ್ಲಿದ್ದಾನೆ! ತನ್ನ ಊಟ ತಿಂದವನು ಇವನೇ ಅಂತ ಹೇಳಿಬಿಟ್ಟ. ನನಗೆ ಮುಖ ಬಿಸಿಯಾಯಿತು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ, ಆದರೂ ನಾಚಿಕೆಯಾಯಿತು.

ಆ ಆಟದ ಹೆಸರು ಕ್ರೋನೋ ಟ್ರಿಗರ್. 1995ರಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ಹೊರತಂದದ್ದು. ಫೈನಲ್ ಫ್ಯಾಂಟಸಿ ಎಂಬ ಆಟಗಳನ್ನು ಮಾಡಿದ ಹಿರೊನೊಬು ಸಕಗುಚಿ, ಡ್ರ್ಯಾಗನ್ ಕ್ವೆಸ್ಟ್ ಆಟಗಳ ಯೂಜಿ ಹೊರಿಯಿ, ಚಿತ್ರಕಾರ ಅಕಿರ ತೊರಿಯಾಮ, ಈ ಮೂವರೂ ಅದರಲ್ಲಿ ಕೈಜೋಡಿಸಿದ್ದರು.

ಅದೇ ಜಾತ್ರೆಯಲ್ಲಿ ಒಬ್ಬ ಹುಡುಗಿ ನಾಯಕನಿಗೆ ಡಿಕ್ಕಿ ಹೊಡೆದು ಬೀಳುತ್ತಾಳೆ. ಅವಳ ಪದಕ ದೂರ ಹೋಗಿ ಬೀಳುತ್ತದೆ. ಮೊದಲು ಅವಳನ್ನು ಮಾತಾಡಿಸಿದಿರಾ, ಇಲ್ಲಾ ಪದಕದ ಕಡೆ ಓಡಿದಿರಾ? ಅವಳು ಮಿಠಾಯಿ ಆರಿಸುವಾಗ ಸುಮ್ನೆ ನಿಂತು ಕಾದಿರಾ? ಒಬ್ಬ ಪುಟ್ಟ ಹುಡುಗಿಯ ಕಳೆದುಹೋದ ಬೆಕ್ಕನ್ನು ಹುಡುಕಿಕೊಟ್ಟಿರಾ? ಇದೆಲ್ಲ ಆ ವಿಚಾರಣೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಏಳು ಜನ ಪಂಚರು ಒಬ್ಬೊಬ್ಬರಾಗಿ ತೀರ್ಪು ಹೇಳುತ್ತಾರೆ. ನಿಜ ಹೇಳಬೇಕೆಂದರೆ, ತೀರ್ಪು ಹೇಗೇ ಬಂದರೂ ನಾಯಕ ಜೈಲಿಗೆ ಹೋಗಲೇಬೇಕು. ಕಥೆಯ ದಾರಿ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ಆಡುವವನು. ಆ ಕ್ಷಣದಿಂದ ನಾನು ಆ ಲೋಕದಲ್ಲಿ ನೋಡಿಕೊಂಡು ನಡೆಯಲು ಶುರುಮಾಡಿದೆ. ಪರೀಕ್ಷೆ ಅಂತ ಮೊದಲೇ ಗೊತ್ತಿದ್ದರೆ ನಾನೂ ಒಳ್ಳೆಯವನ ಹಾಗೇ ಇರುತ್ತಿದ್ದೆ. ಆಟ ನನಗೆ ಹೇಳಲೇ ಇಲ್ಲ, ಅದೇ ಅದರ ಜಾಣತನ.

ಇಂಥ ಆಟಗಳಿಗೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಚಿಕ್ಕದಾಗಿ ಆರ್‌ಪಿಜಿ. ಇದರ ಬೇರು ಕಂಪ್ಯೂಟರಿನಲ್ಲಿಲ್ಲ, ಮೇಜಿನ ಸುತ್ತ ಕೂತ ಗೆಳೆಯರಲ್ಲಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ಹೊರತಂದರು. ಕಾಗದ, ಪೆನ್ಸಿಲ್, ದಾಳ ಇದ್ದರೆ ಆಯಿತು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಕಥೆ ನಡೆಸುವವನಿಗೆ ನೀವು ಹೋದ ವಾರ ಯಾರಿಗೆ ಮೋಸ ಮಾಡಿದಿರಿ, ಯಾವ ಊರನ್ನು ಕಾಪಾಡಿದಿರಿ ಎಲ್ಲ ನೆನಪಿರುತ್ತದೆ.

ಮುಂದೆ ಇದೇ ಆಟ ಕಂಪ್ಯೂಟರಿಗೆ ಬಂತು. ಅಂಕಿಗಳ ಕೆಲಸ ಕಂಪ್ಯೂಟರಿಗೆ ಸುಲಭ. ಎಷ್ಟು ಪೆಟ್ಟು ಬಿತ್ತು, ಎಷ್ಟು ಚಿನ್ನ ಸಿಕ್ಕಿತು, ಯಾವ ಲೆವೆಲ್ ಮುಟ್ಟಿದಿರಿ, ಎಲ್ಲ ಕ್ಷಣದಲ್ಲಿ ಲೆಕ್ಕ ಹಾಕುತ್ತದೆ. ಆದರೆ ಮೇಜಿನ ಆ ತುದಿಯಲ್ಲಿ ಕೂತು ನಮ್ಮನ್ನೇ ಗಮನಿಸುತ್ತಿದ್ದ ಆ ಮನುಷ್ಯ ಇಲ್ಲವಾದ. ನನಗೆ ಇಷ್ಟವಾದ ಆರ್‌ಪಿಜಿಗಳೆಲ್ಲ ಅವನನ್ನು ಹೇಗೋ ಮಾಡಿ ವಾಪಸ್ ಕರೆತಂದವು.

1985ರ ಅಲ್ಟಿಮಾ ನಾಲ್ಕನ್ನೇ ನೋಡಿ. ರಿಚರ್ಡ್ ಗ್ಯಾರಿಯಟ್ ಮಾಡಿದ್ದು. ಕೊನೆಯಲ್ಲಿ ಕೊಲ್ಲಬೇಕಾದ ದೊಡ್ಡ ಖಳನಾಯಕನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಧೈರ್ಯ ಹೀಗೆ ಎಂಟು ಗುಣಗಳಲ್ಲಿ ನೀವು ಪಳಗಬೇಕು, ಅದೇ ಆಟ. ಮಂತ್ರಕ್ಕೆ ಬೇಕಾದ ಬೇರು, ಬೂದಿ ಮಾರುವವರಿಗೆ ಅಲ್ಲಿ ಕಣ್ಣು ಕಾಣುವುದಿಲ್ಲ. ಎಷ್ಟು ನಾಣ್ಯ ಕೊಡುತ್ತೀರಿ ಎಂದು ನೀವೇ ಟೈಪ್ ಮಾಡಬೇಕು. ಕಡಿಮೆ ಕೊಟ್ಟರೂ ಸಾಮಾನು ಸಿಗುತ್ತದೆ, ಯಾರೂ ಬೈಯುವುದಿಲ್ಲ. ಒಳಗೆ ಮಾತ್ರ ನಿಮ್ಮ ಪ್ರಾಮಾಣಿಕತೆ ಸದ್ದಿಲ್ಲದೆ ಇಳಿದಿರುತ್ತದೆ. ಆ ಕಾಲದ ಪುಟಾಣಿ ಕಂಪ್ಯೂಟರಿನಲ್ಲಿ ಇಷ್ಟು ಸಾಧ್ಯವಾಗಿತ್ತು ಎಂದರೆ ಇವತ್ತಿಗೂ ನನಗೆ ಅಚ್ಚರಿ.

1997ರ ಫಾಲ್‌ಔಟ್‌ನಲ್ಲಿ ಅಣುಯುದ್ಧ ಮುಗಿದ ಲೋಕ. ನೆಲದಡಿಯ ನಿಮ್ಮ ಮನೆಯಲ್ಲಿ ನೀರು ಶುದ್ಧಮಾಡುವ ಚಿಪ್ ಕೆಟ್ಟಿದೆ. ಹೊಸದು ತರಲು 150 ದಿನ ಗಡುವು. ಕೊನೆಯ ದೊಡ್ಡ ಶತ್ರುವನ್ನು ಗುಂಡು ಹಾರಿಸದೆ, ಬರೀ ಮಾತಿನಲ್ಲೇ ಗೆಲ್ಲಬಹುದು. ಅವನು ಸೃಷ್ಟಿಸುತ್ತಿರುವ ಹೊಸ ಜನಕ್ಕೆ ಮಕ್ಕಳಾಗುವುದಿಲ್ಲ ಎಂದು ಸಾಕ್ಷಿ ಸಮೇತ ತೋರಿಸಿದರೆ ಅವನೇ ಕುಸಿದುಹೋಗುತ್ತಾನೆ. ಇಷ್ಟೆಲ್ಲ ಮಾಡಿ ಮನೆಗೆ ಮರಳಿದರೆ, ಬಾಗಿಲಲ್ಲೇ ತಡೆಯುತ್ತಾರೆ. ಹೊರಗಿನ ಲೋಕ ನಿನ್ನನ್ನು ಬದಲಾಯಿಸಿದೆ, ನೀನು ಒಳಗೆ ಬರಬೇಡ ಎನ್ನುತ್ತಾರೆ. ಆ ರಾತ್ರಿ ಕಂಪ್ಯೂಟರ್ ಆರಿಸಿ ತುಂಬಾ ಹೊತ್ತು ಹಾಗೇ ಕೂತಿದ್ದೆ.

ಆಟದ ನಕ್ಷೆ ದೊಡ್ಡದಿದ್ದಷ್ಟೂ ಆಟ ದೊಡ್ಡದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2011ರ ಸ್ಕೈರಿಮ್‌ನ ಹಿಮದ ಬೆಟ್ಟಗಳಲ್ಲಿ ಸುಮ್ನೆ ಅಲೆಯುವುದು ನನಗೂ ಪ್ರೀತಿಯೇ. ಆದರೆ ಅಲ್ಲಿ ನೀವು ಕಳ್ಳರ ಸಂಘಕ್ಕೂ ನಾಯಕರಾಗಬಹುದು, ಮಂತ್ರವಿದ್ಯೆಯ ಕಾಲೇಜಿಗೂ ಮುಖ್ಯಸ್ಥರಾಗಬಹುದು. ಒಂದು ಕಡೆಯ ಬಿಸಿ ಇನ್ನೊಂದು ಕಡೆಗೆ ಅಷ್ಟಾಗಿ ತಟ್ಟುವುದಿಲ್ಲ. ಅದಕ್ಕಿಂತ ಎಷ್ಟೋ ಪಾಲು ಚಿಕ್ಕದು 2015ರ ಅಂಡರ್‌ಟೇಲ್. ಅದರ ಹೆಚ್ಚಿನ ಕೆಲಸ ಟೋಬಿ ಫಾಕ್ಸ್ ಎಂಬ ಒಬ್ಬರದೇ. ಅಲ್ಲಿ ಯಾರನ್ನೂ ಕೊಲ್ಲದೆ ಆಟ ಮುಗಿಸಬಹುದು. ನಾನು ಶುರುವಿನಲ್ಲೇ, ನನ್ನನ್ನು ಮಗುವಿನಂತೆ ನೋಡಿಕೊಂಡ ಟೊರಿಯೆಲ್‌ಳನ್ನು ಕೊಂದುಬಿಟ್ಟೆ. ಸಂಕಟವಾಯಿತು. ಹಳೆಯ ಸೇವ್, ಅಂದರೆ ಆಟವನ್ನು ಮೊದಲೇ ಉಳಿಸಿಟ್ಟಿದ್ದ ಜಾಗ, ತೆರೆದು, ಮತ್ತೆ ಆಡಿ, ಈ ಸಲ ಬದುಕಿಸಿದೆ. ಮುಂದೆ ಬರುವ ಹೂವಿನ ರೂಪದ ಒಂದು ಪಾತ್ರಕ್ಕೆ ಅದೂ ಗೊತ್ತಿತ್ತು! ನೀನು ಅವಳನ್ನು ಕೊಂದಿದ್ದೆ, ಆಮೇಲೆ ಹಿಂದಕ್ಕೆ ಹೋಗಿ ತಿದ್ದಿಕೊಂಡೆ ಅಂತ ಮುಖಕ್ಕೇ ಹೇಳಿತು. ಸೇವ್ ಎನ್ನುವುದು ಆಟದ ಹೊರಗಿನ ವಿಷಯ ಅಂದುಕೊಂಡಿದ್ದವನು ನಾನು.

2019ರ ಡಿಸ್ಕೋ ಎಲಿಸಿಯಮ್ ಬಗ್ಗೆ ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಕುಡಿದು ತನ್ನ ಹೆಸರನ್ನೇ ಮರೆತ ಒಬ್ಬ ಪತ್ತೇದಾರನ ಕಥೆ. ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ಹೊಡೆಯುವ ಹೊಡೆದಾಟ ಅಂತ ಅದರಲ್ಲಿಲ್ಲ, ಎಲ್ಲ ಮಾತಿನಲ್ಲೇ. ಅವನ 24 ಕೌಶಲಗಳು ಅವನ ತಲೆಯೊಳಗೆ 24 ದನಿಗಳಾಗಿ ವಾದಿಸುತ್ತವೆ. ಕಷ್ಟದ ಕೆಲಸಕ್ಕೆ ಎರಡು ದಾಳ ಉರುಳುತ್ತವೆ. ಸೋತಾಗ ಆಟ ನಿಲ್ಲುವುದಿಲ್ಲ, ಬೇರೆ ದಾರಿ ಹಿಡಿಯುತ್ತದೆ. ಎಷ್ಟೋ ಸಲ ಗೆದ್ದ ದಾರಿಗಿಂತ ಆ ಸೋತ ದಾರಿಯೇ ಚೆನ್ನಾಗಿರುತ್ತದೆ.

ಇಷ್ಟಾದರೂ ನಾನು ಮತ್ತೆ ಮತ್ತೆ ಮರಳುವುದು ಕ್ರೋನೋ ಟ್ರಿಗರ್‌ಗೇ. ಅದರಲ್ಲಿ ರೋಬೋ ಎಂಬ ಯಂತ್ರಮಾನವ ಗೆಳೆಯನಿದ್ದಾನೆ. ಒಂದು ಮರುಭೂಮಿಯನ್ನು ಕಾಡು ಮಾಡಬೇಕು, ಅದಕ್ಕೆ ನಾಲ್ಕು ನೂರು ವರ್ಷ ಬೇಕು. ರೋಬೋ ಅಲ್ಲೇ ಉಳಿಯುತ್ತಾನೆ. ಉಳಿದವರು ಕಾಲಯಂತ್ರ ಹತ್ತಿ ಮುಂದಕ್ಕೆ ಹೋಗುತ್ತಾರೆ. ನಿಮಗೆ ಅದು ಅರೆ ನಿಮಿಷ, ಅವನಿಗೆ ನಾಲ್ಕು ಶತಮಾನದ ದುಡಿಮೆ. ಬಂದು ನೋಡಿದರೆ ಮರಳಿದ್ದ ಕಡೆ ಹಸಿರು, ನಡುವೆ ಒಂದು ಗುಡಿ, ಗುಡಿಯಲ್ಲಿ ಸವೆದು ಹೋದ ರೋಬೋ. ಅವನನ್ನು ರಿಪೇರಿ ಮಾಡಿ, ಆ ರಾತ್ರಿ ಎಲ್ಲರೂ ಬೆಂಕಿಯ ಸುತ್ತ ಕೂತು ಮಾತಾಡುತ್ತಾರೆ. ಯುದ್ಧವಿಲ್ಲ, ಆತುರವಿಲ್ಲ.

ಇಂಥ ಆಟವನ್ನು ಒಮ್ಮೆಯೂ ಆಡದವರು ಇದರಿಂದಲೇ ಶುರುಮಾಡಿ. ಫೋನಿಗೂ ಕಂಪ್ಯೂಟರಿಗೂ ಬಂದಿದೆ. ದಿನಕ್ಕೆ ಒಂದು ಗಂಟೆ ಆಡಿದರೆ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಬುತ್ತಿಯ ಗುಟ್ಟನ್ನು ನಾನೇ ಹೇಳಿಬಿಟ್ಟೆ, ಕ್ಷಮಿಸಿ. ಹೇಳದೆ ಬಿಟ್ಟ ಗುಟ್ಟುಗಳು ಅದರಲ್ಲಿ ಇನ್ನೂ ಬೇಕಾದಷ್ಟಿವೆ.

ನಮಸ್ಕಾರ.