ಆಮ್ಲಜನಕವಿಲ್ಲದ ಕಡಲಿನಲ್ಲಿ ಇಂಗಾಲದ ಗತಿ ಏನು?

ನಮಸ್ಕಾರ. ಸಾಗರದ ಒಡಲಿನಲ್ಲಿ ಆಮ್ಲಜನಕವೇ ಇಲ್ಲದ ಪದರಗಳಿವೆ ಎಂದು ಹಿಂದಿನ ವಿಡಿಯೋದಲ್ಲಿ ಹೇಳಿದಾಗ ವೀಕ್ಷಕರು ಒಂದು ಒಳ್ಳೆಯ ಪ್ರಶ್ನೆ ಎತ್ತಿದರು: ಹಾಗಾದರೆ ಅಲ್ಲಿ ಸತ್ತ ಜೀವಿಗಳ ಅವಶೇಷ ಕೊಳೆಯುವುದೇ ಇಲ್ಲವೇ?

[ತೆರೆಯ ಮೇಲೆ: ಭೂಪಟ]

ಅರಬ್ಬೀ ಸಮುದ್ರ, ಮೆಕ್ಸಿಕೊದಾಚೆಯ ಪೆಸಿಫಿಕ್, ಪೆರು ಮತ್ತು ಚಿಲಿಯಾಚೆಯ ಪೆಸಿಫಿಕ್, ಇವು ಅಂಥ ಮೂರು ದೊಡ್ಡ ತಾಣಗಳು. ಮೇಲ್ಪದರದಲ್ಲಿ ಹುಲುಸಾಗಿ ಬೆಳೆದ ಪ್ಲವಕಗಳ, ಅಂದರೆ ನೀರಿನೊಡನೆ ತೇಲುವ ಸಣ್ಣ ಜೀವಿಗಳ, ಅವಶೇಷ ಕೆಳಗಿಳಿಯುವಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಹೊಸ ನೀರು ಬಂದು ಆ ಕೊರತೆ ತುಂಬುವುದು ಬಹಳ ನಿಧಾನ.

ಆದರೂ ಕೊಳೆಯುವಿಕೆ ನಿಲ್ಲುವುದಿಲ್ಲ. ಆಮ್ಲಜನಕ ಮುಗಿದೊಡನೆ ಅನೇಕ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿರುವ ಸಾರಜನಕದ ಸಂಯುಕ್ತವಾದ ನೈಟ್ರೇಟನ್ನು ಬಳಸಿ ಉಸಿರಾಡತೊಡಗುತ್ತವೆ, ಅದರಿಂದ ಸಿಗುವ ಶಕ್ತಿಯೂ ತೀರಾ ಕಡಿಮೆಯೇನಲ್ಲ. ಹೀಗಿದ್ದೂ ಮೆಕ್ಸಿಕೊದಾಚೆಯ ಅಳತೆಗಳ ಪ್ರಕಾರ, ಮುಳುಗುವ ಕಣಗಳ ಇಂಗಾಲ ಇಲ್ಲಿ ಬೇರೆಡೆಗಿಂತ ನಿಧಾನವಾಗಿ ಕರಗಿ, ಹೆಚ್ಚು ಪಾಲು ಆಳವನ್ನು ಮುಟ್ಟುತ್ತದೆ. ಕಣಗಳನ್ನು ಕಚ್ಚಿ ಚೂರು ಮಾಡುವ ಪ್ರಾಣಿಪ್ಲವಕಗಳಲ್ಲಿ ಹೆಚ್ಚಿನವು ಈ ಪದರದಲ್ಲಿ ಬಾಳಲಾರವು ಎಂಬುದು ಇದಕ್ಕೆ ಒಂದು ಕಾರಣ.

ಈಗ ನನಗೆ ಅತ್ಯಂತ ಪ್ರಿಯವಾದ ಸಂಗತಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

[ತೆರೆಯ ಮೇಲೆ: ಮಬ್ಬು ಬೆಳಕಿನ ನೀರು]

ಈ ಪದರದ ಮೇಲಂಚಿಗೆ ಸೂರ್ಯನ ಬೆಳಕು ಕ್ಷೀಣವಾಗಿಯಾದರೂ ತಲುಪುವ ಕಡೆಗಳಲ್ಲಿ ಪ್ರೊಕ್ಲೋರೋಕಾಕಸ್ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ದಟ್ಟವಾಗಿ ನೆಲೆಸಿದೆ. ಅದು ದ್ಯುತಿಸಂಶ್ಲೇಷಣೆ ನಡೆಸುತ್ತದೆ, ಅಂದರೆ ಇಂಗಾಲವನ್ನು ಹಿಡಿದಿಡುತ್ತ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಆದರೆ ಲೀಟರಿಗೆ ಕೆಲವೇ ನ್ಯಾನೋಮೋಲ್‌ಗಳಷ್ಟು ಆಮ್ಲಜನಕವನ್ನೂ ಗುರುತಿಸಬಲ್ಲ ಸಂವೇದಕವನ್ನು ಅದೇ ನೀರಿಗೆ ಇಳಿಸಿದರೆ ಏನೂ ಸಿಗುವುದಿಲ್ಲ! ಜಮಾ ಆದ ಕ್ಷಣವೇ ಹಣ ತೆಗೆಯುವ ಖಾತೆಯ ಪಾಸ್‌ಬುಕ್ಕಿನಲ್ಲಿ ಶಿಲ್ಕು ಸದಾ ಸೊನ್ನೆ ಇರುವಂತೆ, ಹುಟ್ಟಿದ ಆಮ್ಲಜನಕವನ್ನು ನೆರೆಯ ಸೂಕ್ಷ್ಮಾಣುಗಳು ಆಗಿಂದಾಗಲೇ ಕಬಳಿಸುತ್ತವೆ. ಶಿಲ್ಕನ್ನಷ್ಟೇ ನೋಡಿದವರಿಗೆ ವ್ಯವಹಾರವೇ ನಡೆದಿಲ್ಲವೆನಿಸುತ್ತದೆ, ಆದರೆ ಅಲ್ಲಿ ನಡೆದಿರುವುದು ಬಿರುಸಿನ ವಹಿವಾಟು. ಈ ಗುಪ್ತ ಚಕ್ರವನ್ನು ಪೆಸಿಫಿಕ್‌ನಲ್ಲಿ ಅಳೆದು ತೋರಿಸಿದ ಅಧ್ಯಯನ ಪ್ರಕಟವಾದದ್ದು 2017ರಲ್ಲಿ. ಆಮ್ಲಜನಕರಹಿತವೆಂದು ನಾವು ಹಣೆಪಟ್ಟಿ ಹಚ್ಚಿದ ನೀರಿನಲ್ಲೇ ಆಮ್ಲಜನಕದ ಉಸಿರಾಟ ನಡೆಯುತ್ತಿರುವುದನ್ನು ನೋಡಿದರೆ, ಹಣೆಪಟ್ಟಿ ಹಚ್ಚುವ ಅವಸರ ನಮ್ಮದೇ ಅನ್ನಿಸುತ್ತದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೆಳಕೇ ಇಲ್ಲದ ಆಳದಲ್ಲೂ ಹೊಸ ಜೈವಿಕ ಇಂಗಾಲ ತಯಾರಾಗುತ್ತದೆ: ಎಸ್‌ಯುಪಿ05 ಎಂಬ ಗುಂಪಿನ ಬ್ಯಾಕ್ಟೀರಿಯಾಗಳು ಗಂಧಕದ ಸಂಯುಕ್ತಗಳಿಂದ, ಅನಾಮಾಕ್ಸ್ (ಆಮ್ಲಜನಕವಿಲ್ಲದೆಯೇ ಅಮೋನಿಯಂ ಬಳಸುವ ಕ್ರಿಯೆ) ನಡೆಸುವ ಬ್ಯಾಕ್ಟೀರಿಯಾಗಳು ಸಾರಜನಕದ ಸಂಯುಕ್ತಗಳಾದ ಅಮೋನಿಯಂ ಮತ್ತು ನೈಟ್ರೈಟ್‌ನಿಂದ ಶಕ್ತಿ ಪಡೆದು ಇಂಗಾಲದ ಡೈಆಕ್ಸೈಡನ್ನು ದೇಹಕ್ಕೆ ಸೇರಿಸಿಕೊಳ್ಳುತ್ತವೆ. ನೈಟ್ರೇಟಿನ ಉಸಿರಾಟ ಹಾಗೂ ಅನಾಮಾಕ್ಸ್ ಎರಡೂ ಸೇರಿ ಪೋಷಕ ಸಾರಜನಕವನ್ನು ಅನಿಲವಾಗಿಸುವುದರಿಂದ, ಆ ನೀರು ಮೇಲೆದ್ದಾಗ ಪ್ಲವಕಗಳಿಗೆ ಗೊಬ್ಬರ ಕಡಿಮೆಯಾಗಿ, ಅವು ಹೀರುವ ಇಂಗಾಲವೂ ತಗ್ಗಬಹುದು. ಕೊನೆಯದಾಗಿ, ಈ ನೀರಿನಲ್ಲಿರುವ ಇಂಗಾಲದ ಇನ್ನೊಂದು ಅನಿಲವಾದ ಮೀಥೇನ್: ಎನ್‌ಸಿ10 ಎಂಬ ಗುಂಪಿನ ಬ್ಯಾಕ್ಟೀರಿಯಾಗಳು ನೈಟ್ರಿಕ್ ಆಕ್ಸೈಡನ್ನು ಒಡೆದು ತಮಗೆ ಬೇಕಾದ ಆಮ್ಲಜನಕವನ್ನು ತಾವೇ ತಯಾರಿಸಿಕೊಂಡು, ಆ ಮೀಥೇನನ್ನು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತವೆ.